ಮನೆಯಲ್ಲಿ ಕಿಂಗ್‌ಸ್ನೇಕ್ ಮರಿ ಮಾಡಿಸುವುದು: ಚಳಿಗಾಲದ ತಯಾರಿಯಿಂದ ಮರಿಯ ಮೊದಲ ಊಟದವರೆಗೆ

ಅಮೆರಿಕದಲ್ಲಿದ್ದು ಹಾವು ಸಾಕುವ ಕನ್ನಡಿಗರು ಜೂನ್, ಜುಲೈ ಬಂತೆಂದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮೊಟ್ಟೆ ಹಳದಿಗಟ್ಟಿದೆ, ಬೂಷ್ಟು ಬಂದಿದೆ, ಗುಳಿ ಬಿದ್ದಿದೆ, ಈಗೇನು ಮಾಡಲಿ? ಆ ಹೊತ್ತಿಗೆ ಮಾಡಬಹುದಾದದ್ದು ಬಹಳ ಕಡಿಮೆ. ಹಿಂದಿನ ನವೆಂಬರ್‌ನಿಂದ ಮೇ ತಿಂಗಳವರೆಗೆ ಏನೇನು ಮಾಡಿದಿರಿ, ಯಾವ ಕ್ರಮದಲ್ಲಿ ಮಾಡಿದಿರಿ ಎಂಬುದರಲ್ಲೇ ಮೊಟ್ಟೆಯ ಗತಿ ಬಹುಪಾಲು ತೀರ್ಮಾನವಾಗಿರುತ್ತದೆ. ಉಳಿದದ್ದು ಕೆಡುವುದು ಅತಿಯಾದ ಕಾಳಜಿಯಿಂದ: ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವುದು, ನೀರು ಚಿಮುಕಿಸುವುದು, ಮೊಟ್ಟೆ ತಿರುಗಿಸುವುದು.

ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಬಗ್ಗೆ. ಕಪ್ಪು ಅಥವಾ ಕಂದು ಮೈಮೇಲೆ ಬಿಳಿ, ತಿಳಿಹಳದಿ ಪಟ್ಟೆಗಳಿರುವ, ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ಅಡಿ ಬೆಳೆಯುವ, ಮನುಷ್ಯರಿಗೆ ವಿಷದ ಭಯವಿಲ್ಲದ ಹಾವು. ನಮ್ಮ ಕಾಳಿಂಗಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಆದರೆ ಅದರಂತೆಯೇ ಇದೂ ಬೇರೆ ಹಾವುಗಳನ್ನು ತಿನ್ನುತ್ತದೆ, ತನ್ನದೇ ಜಾತಿಯನ್ನೂ ಬಿಡುವುದಿಲ್ಲ. ಈ ಸಂಗತಿ ಕೆಳಗಿನ ಎರಡು ಹಂತಗಳಲ್ಲಿ ಜೀವ ಉಳಿಸುವ, ಕಳೆಯುವ ಮಾತಾಗುತ್ತದೆ.

## ಕೈ ಹಾಕುವ ಮೊದಲು

ಕಾನೂನು ನೋಡಿಕೊಳ್ಳಿ. ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹವಾಯಿಯಲ್ಲಿ ಯಾವ ಹಾವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 2 ಲಕ್ಷ ಡಾಲರ್‌ವರೆಗೆ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಹಲವು ರಾಜ್ಯಗಳು ತಮ್ಮ ನೆಲದ ಹಾವುಗಳನ್ನು ಸಾಕುವುದಕ್ಕೆ, ಮಾರುವುದಕ್ಕೆ ಪ್ರತ್ಯೇಕ ನಿಯಮ ಇಟ್ಟಿವೆ. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ನಿಯಮವನ್ನು, ಊರಿನ ಮತ್ತು ಬಾಡಿಗೆ ಮನೆಯ ಕರಾರನ್ನು ಓದಿದ ಮೇಲೆಯೇ ಮುಂದಿನ ಮಾತು. ಕಾಡಿನಿಂದ ಹಿಡಿದ ಹಾವು ಬೇಡವೇ ಬೇಡ. ಸಾಕಣೆಯಲ್ಲೇ ಹುಟ್ಟಿದ್ದು, ಮೂಲ ಗೊತ್ತಿರುವುದು ಇರಲಿ.

ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಒಂದು ಖಂಡಿತವಾದ ಮಾತು. ಗೊಬ್ಬರದ ಗುಂಡಿಯಲ್ಲೋ ತೋಟದ ಬದುವಿನಲ್ಲೋ ಸಿಕ್ಕ ಹಾವಿನ ಮೊಟ್ಟೆಗಳ ಮೇಲೆ ಈ ವಿಧಾನ ಪ್ರಯೋಗಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಹಾವುಗಳಿಗೆ ರಕ್ಷಣೆ ಕೊಟ್ಟಿದೆ. 2022ರ ತಿದ್ದುಪಡಿಯ ನಂತರ ಕೇರೆ ಹಾವು ಕೂಡ ಅತಿ ಹೆಚ್ಚು ರಕ್ಷಣೆಯಿರುವ ಮೊದಲ ಪಟ್ಟಿಯಲ್ಲಿದೆ. ಅಂಥ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಮರಿಗಳು ಎಲ್ಲಿಗೆ ಹೋಗುತ್ತವೆ? ಒಂದು ಸಲಕ್ಕೆ ಆರರಿಂದ ಹತ್ತು ಮರಿ ಬರಬಹುದು. ಒಂದೊಂದಕ್ಕೂ ಪ್ರತ್ಯೇಕ ಡಬ್ಬಿ, ನೀರು, ಊಟ, ತಿಂಗಳುಗಟ್ಟಲೆ ಜಾಗ. ಕೊಳ್ಳುವವರು ಅಥವಾ ಒಯ್ಯುವವರು ಯಾರೆಂದು ಚಳಿಗಾಲಕ್ಕೆ ಮೊದಲೇ ಗೊತ್ತಿರಬೇಕು. ಹೊರಗೆ ಬಿಟ್ಟುಬಿಡೋಣ ಎಂಬ ಯೋಚನೆ ಬಂದರೆ ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪವನ್ನು ನೆನೆಯಿರಿ. ಸಾಕಣೆಯಿಂದ ತಪ್ಪಿಸಿಕೊಂಡ, ಬಿಟ್ಟುಬಿಟ್ಟ ಇದೇ ಕಿಂಗ್‌ಸ್ನೇಕ್‌ಗಳು ಅಲ್ಲಿ ನೆಲೆಯೂರಿ, ಆ ದ್ವೀಪದಲ್ಲಿ ಮಾತ್ರ ಸಹಜವಾಗಿದ್ದ ದೊಡ್ಡ ಹಲ್ಲಿಗಳನ್ನು ತಾವು ಹಬ್ಬಿದ ಪ್ರದೇಶಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಗಿಸಿವೆ.

ಸಾಮಾನು. ಇವೆಲ್ಲ ಮಾರ್ಚ್ ಒಳಗೆ ಮನೆಯಲ್ಲಿರಲಿ:

- ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ
- ಪ್ರೋಬ್ (ಬಿಸಿ ಅಳೆಯುವ ತಂತಿಯ ತುದಿ) ಇರುವ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಸಾಧನ, ಅದರ ಜೊತೆಗೆ ಬೇರೆಯದೇ ಒಂದು ಥರ್ಮಾಮೀಟರ್ (ದಿನದ ಕನಿಷ್ಠ, ಗರಿಷ್ಠ ನೆನಪಿಡುವಂಥದ್ದು)
- ಕಾವುಪೆಟ್ಟಿಗೆ, ಅಥವಾ ಅದನ್ನು ಮಾಡಿಕೊಳ್ಳಲು ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಹೀಟ್ ಟೇಪ್ (ಕರೆಂಟಿನಿಂದ ಬಿಸಿಯಾಗುವ ಪಟ್ಟಿ), ನೀರಿನ ಬಾಟಲಿಗಳು
- ವರ್ಮಿಕ್ಯುಲೈಟ್ (ನೀರು ಹಿಡಿದಿಟ್ಟುಕೊಳ್ಳುವ ಹಗುರ ಖನಿಜದ ಪುಡಿ; ಗಿಡಗಳಿಗೆ ಬಳಸುವುದೇ ಸಾಕು, ಗೊಬ್ಬರ ಬೆರೆಸಿರಬಾರದು)
- ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳು, ಸ್ಫ್ಯಾಗ್ನಮ್ ಪಾಚಿ (ತೇವ ಹಿಡಿದಿಡುವ ಹಾವಸೆ), ಮೆತ್ತನೆಯ ಪೆನ್ಸಿಲ್, ಸಣ್ಣ ಟಾರ್ಚ್
- ಸರೀಸೃಪ ನೋಡುವ ಪಶುವೈದ್ಯರ ನಂಬರ್

ಕೊನೆಯದನ್ನು ಬಹಳ ಮಂದಿ ಬಿಡುತ್ತಾರೆ. ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರೂ ಹಾವು ಮುಟ್ಟುವುದಿಲ್ಲ. ಹಾವಿನ ಹೊಟ್ಟೆಯಲ್ಲೇ ಮೊಟ್ಟೆ ಸಿಕ್ಕಿಕೊಂಡ ರಾತ್ರಿ ಹುಡುಕಲು ಕುಳಿತರೆ ತಡವಾಗುತ್ತದೆ.

## ಹಂತ 1: ಜೋಡಿ ಆರಿಸುವುದು (ಆಗಸ್ಟ್‌ನಿಂದ ಅಕ್ಟೋಬರ್)

ಹೆಣ್ಣಿಗೆ ಮೂರು ವರ್ಷ ತುಂಬಿರಲಿ, ತೂಕ 300 ಗ್ರಾಂ ದಾಟಿರಲಿ. ಎರಡೇ ವರ್ಷಕ್ಕೆ ಉದ್ದ ಬಂದಿದೆ ಎಂದು ಆತುರಪಟ್ಟರೆ ಮೊಟ್ಟೆ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಗಂಡಿಗೆ ಎರಡು ವರ್ಷ ಸಾಕು. ಹೆಣ್ಣಿನ ಬೆನ್ನುಮೂಳೆ ಎದ್ದು ಕಾಣಬಾರದು, ಹಾಗೆಂದು ಬಾಲದ ಬುಡದಲ್ಲಿ ಕೊಬ್ಬು ಉಬ್ಬಿರಲೂಬಾರದು.

ಗಂಡು ಹೆಣ್ಣು ಗುರುತಿಸುವುದರಲ್ಲಿ ಊಹೆಗೆ ಜಾಗವಿಲ್ಲ. ಗಂಡಿನ ಬಾಲ ಬುಡದಲ್ಲಿ ದಪ್ಪವಾಗಿ, ಉದ್ದವಾಗಿ ಇಳಿಯುತ್ತದೆ ಎಂಬುದು ಒಂದು ಸುಳಿವು ಮಾತ್ರ. ಖಚಿತವಾಗಲು ವೈದ್ಯರಿಂದಲೋ ಅನುಭವಿಗಳಿಂದಲೋ ಸಲಾಕೆ ಪರೀಕ್ಷೆ (ಬಾಲದ ಬುಡದೊಳಗೆ ತೆಳು ಸಲಾಕೆ ಇಳಿಸಿ ಆಳ ನೋಡುವುದು) ಮಾಡಿಸಿ. ನೀವೇ ಕಲಿಯಲು ಹೋಗಿ ಹಾವಿಗೆ ಗಾಯ ಮಾಡಬೇಡಿ. ಇಬ್ಬರು ಗಂಡುಗಳನ್ನು ಒಂದೇ ಪೆಟ್ಟಿಗೆಗೆ ಬಿಟ್ಟರೆ ಕಾದಾಟವಾಗುತ್ತದೆ. ಅದನ್ನೇ ಮಿಲನ ಎಂದುಕೊಂಡು ಎರಡು ತಿಂಗಳು ಮೊಟ್ಟೆಗಾಗಿ ಕಾದು ಕುಳಿತವರೂ ಇದ್ದಾರೆ.

ಅಕ್ಟೋಬರ್‌ನಲ್ಲಿ ಎರಡರ ಮಲಪರೀಕ್ಷೆಯನ್ನೂ ಮಾಡಿಸಿ. ಹೊಟ್ಟೆಹುಳುವಿರುವ ಹಾವನ್ನು ಚಳಿಗೆ ಇಡಬಾರದು. ಒಂದೇ ತಾಯಿಯ ಮಕ್ಕಳನ್ನು ಜೋಡಿ ಮಾಡಬೇಡಿ. ಕಾರ್ನ್ ಸ್ನೇಕ್ (ಅಮೆರಿಕದಲ್ಲಿ ಸಾಕುವ ಇನ್ನೊಂದು ಹಾವು) ಜೊತೆ ಬೆರಕೆ ಮಾಡುವ ಚಟವೂ ಬೇಡ: ಆ ಮರಿಗಳನ್ನು ಮುಂದೆ ಯಾರೋ ಶುದ್ಧ ತಳಿಯೆಂದು ಕೊಂಡು ಮೋಸಹೋಗುತ್ತಾರೆ.

## ಹಂತ 2: ಚಳಿಗಾಲದ ವಿಶ್ರಾಂತಿ (ನವೆಂಬರ್‌ನಿಂದ ಫೆಬ್ರವರಿ)

ಅತಿ ಹೆಚ್ಚು ಜನ ಹಾರಿಸಿಬಿಡುವ ಹಂತ ಇದು. ತಂಪಿನ ಅವಧಿ ಇಲ್ಲದೆಯೂ ಕೆಲವು ಜೋಡಿ ಮರಿ ಮಾಡುತ್ತವೆ, ನಿಜ. ಆದರೆ ಗಂಡಿನ ವೀರ್ಯ ಬಲವಾಗುವುದಕ್ಕೂ, ಹೆಣ್ಣಿನೊಳಗೆ ಮೊಟ್ಟೆ ಬೆಳೆಯುವ ಕಾಲ ಗಂಡಿನ ಕಾಲದೊಂದಿಗೆ ಹೊಂದುವುದಕ್ಕೂ ಈ ತಂಪು ಬೇಕು. ಹಳದಿಯಾಗಿ, ಗಟ್ಟಿಯಾಗಿ, ಸಣ್ಣದಾಗಿ ಬರುವ ಬರಡು ಮೊಟ್ಟೆಗಳ ಹಿಂದೆ ಅನೇಕ ಸಲ ಇರುವುದು ಹಾರಿಸಿಬಿಟ್ಟ ಈ ಚಳಿಗಾಲ.

ಮೊದಲು ಊಟ ನಿಲ್ಲಿಸಿ, ಬಿಸಿ ನಿಲ್ಲಿಸಬೇಡಿ. ಕೊನೆಯ ಊಟದ ನಂತರ ಕನಿಷ್ಠ ಎರಡು ವಾರ ಹಾವು ತನ್ನ ಎಂದಿನ ಬೆಚ್ಚಗಿನ ಜಾಗದಲ್ಲೇ ಇರಬೇಕು. ಹೊಟ್ಟೆಯಲ್ಲಿ ಇಲಿ ಉಳಿದಿರುವಾಗ ತಂಪಿಗೆ ಇಟ್ಟರೆ ಜೀರ್ಣಕ್ರಿಯೆ ನಿಂತು ಆಹಾರ ಒಳಗೇ ಕೊಳೆಯುತ್ತದೆ, ಹಾವು ಸಾಯುತ್ತದೆ. ಊಟ ಮತ್ತು ಬಿಸಿ ಎರಡನ್ನೂ ಒಂದೇ ದಿನ ನಿಲ್ಲಿಸುವುದು ಈ ಇಡೀ ಕೆಲಸದಲ್ಲಿ ಹಾವನ್ನೇ ಕಳೆದುಕೊಳ್ಳುವ ಅತಿ ಸುಲಭದ ದಾರಿ.

ಹೊಟ್ಟೆ ಖಾಲಿಯಾದ ಮೇಲೆ ಒಂದೆರಡು ವಾರದಲ್ಲಿ ನಿಧಾನವಾಗಿ ಬಿಸಿ ಇಳಿಸಿ. ತಲುಪಬೇಕಾದದ್ದು 10ರಿಂದ 13 ಡಿಗ್ರಿ ಸೆಲ್ಸಿಯಸ್, ಅಂದರೆ ಅಮೆರಿಕದ ಥರ್ಮಾಮೀಟರ್‌ನಲ್ಲಿ 50ರಿಂದ 55 ಫ್ಯಾರನ್‌ಹೀಟ್. ನೆಲಮಾಳಿಗೆ, ಬಿಸಿಮಾಡದ ಕೋಣೆ, ತಣ್ಣಗಿನ ಅಲಮಾರು ಆಗುತ್ತದೆ. ಹಾವುಗಳು ಬೇರೆ ಬೇರೆ ಡಬ್ಬಿಯಲ್ಲಿ, ಕತ್ತಲೆಯಲ್ಲಿ, ಒಣ ಹಾಸಿನ ಮೇಲೆ ಇರಲಿ. ಶುದ್ಧ ನೀರು ಸದಾ ಇರಬೇಕು. 8ರಿಂದ 12 ವಾರ ಹೀಗೆ ಬಿಡಿ. 15, 16 ಡಿಗ್ರಿಯ ಆಸುಪಾಸಿನಲ್ಲಿ ತೂಗಾಡಿಸಿದರೆ ಹಾವು ಪೂರ್ತಿ ಮಲಗುವುದೂ ಇಲ್ಲ, ಉಣ್ಣುವುದೂ ಇಲ್ಲ, ಸುಮ್ಮನೆ ಕರಗುತ್ತದೆ.

ವಾರಕ್ಕೊಮ್ಮೆ ನೀರು ಬದಲಿಸುವಾಗ ನೋಡಿ, ಎರಡು ಮೂರು ವಾರಕ್ಕೊಮ್ಮೆ ತೂಗಿ. ಎಚ್ಚರಿಕೆಯ ಸೂಚನೆಗಳು: ಬಾಯಿ ತೆರೆದು ಉಸಿರಾಡುವುದು, ಮೂಗು ಬಾಯಿಯಲ್ಲಿ ನೊರೆ, ಉಸಿರಿನಲ್ಲಿ ಟಕ್ ಟಕ್ ಸದ್ದು, ತೂಕದಲ್ಲಿ ಹತ್ತನೇ ಒಂದು ಭಾಗ ಇಳಿದುಹೋಗುವುದು. ಇವುಗಳಲ್ಲಿ ಒಂದು ಕಂಡರೂ ಆ ವರ್ಷದ ಮರಿಯ ಆಸೆ ಬಿಟ್ಟು ಹಾವನ್ನು ಬೆಚ್ಚಗಿನ ಜಾಗಕ್ಕೆ ತಂದು ವೈದ್ಯರಿಗೆ ತೋರಿಸಿ.

## ಹಂತ 3: ಎಬ್ಬಿಸಿ ಉಣ್ಣಿಸುವುದು (ಫೆಬ್ರವರಿ ಕೊನೆ, ಮಾರ್ಚ್)

ಇಳಿಸಿದಂತೆಯೇ ನಿಧಾನವಾಗಿ ಬಿಸಿ ಏರಿಸಿ. ಪೆಟ್ಟಿಗೆಯ ಬೆಚ್ಚಗಿನ ಬದಿ 29ರಿಂದ 31 ಡಿಗ್ರಿ, ತಂಪು ಬದಿ 22ರಿಂದ 24 ಡಿಗ್ರಿ ಆದ ಮೇಲೆ ಕೆಲವು ದಿನ ಬಿಟ್ಟು ಮೊದಲ ಊಟ ಕೊಡಿ. ಎಂದಿನ ಗಾತ್ರಕ್ಕಿಂತ ಸಣ್ಣ ಇಲಿ ಇರಲಿ. ಅದು ಸರಿಯಾಗಿ ಜೀರ್ಣವಾಗಿ ಮಲ ಬಂದ ಮೇಲೆ ಎಂದಿನ ಗಾತ್ರಕ್ಕೆ ಹೋಗಿ.

ಹೆಣ್ಣಿಗೆ ಈ ತಿಂಗಳು ಐದಾರು ದಿನಕ್ಕೊಮ್ಮೆ ಊಟ ಸಿಗಲಿ. ಮೊಟ್ಟೆಯ ಭಂಡಾರ, ಅಂದರೆ ಒಳಗಿನ ಹಳದಿ, ಅವಳ ಮೈಯಿಂದಲೇ ತುಂಬಬೇಕು. ಗಂಡು ಈ ಕಾಲದಲ್ಲಿ ಹೆಣ್ಣಿನ ಧ್ಯಾನದಲ್ಲಿ ಊಟ ಬಿಡುವುದುಂಟು, ಗಾಬರಿಯಾಗಬೇಕಿಲ್ಲ.

ಎದ್ದ ಮೇಲೆ ಹೆಣ್ಣು ಮೊದಲ ಸಲ ಪೊರೆ ಬಿಡುವ ದಿನವನ್ನು ಕಾಯಿರಿ. ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಆ ಪೊರೆ ಬಿಟ್ಟ ನಂತರದ ದಿನಗಳೇ ಜೋಡಿ ಕೂಡಿಸಲು ಸರಿಯಾದ ಕಾಲ. ದಿನಾಂಕ ಬರೆದಿಡಿ. ಮುಂದಿನ ಲೆಕ್ಕವೆಲ್ಲ ಇಲ್ಲಿಂದಲೇ ಹೊರಡುತ್ತದೆ.

## ಹಂತ 4: ಜೋಡಿ ಕೂಡಿಸುವುದು (ಏಪ್ರಿಲ್)

ಹಾವು ಹಾವನ್ನೇ ತಿನ್ನುವ ಅಪಾಯ ಮೊದಲ ಸಲ ಎದುರಾಗುವುದು ಇಲ್ಲಿ. ಹಸಿದ ಕಿಂಗ್‌ಸ್ನೇಕ್‌ಗೆ ಎದುರಿನ ಹಾವು ಸಂಗಾತಿಯೋ ಊಟವೋ ಎಂಬ ವ್ಯತ್ಯಾಸ ತಿಳಿಯದೆ ಹೋಗಬಹುದು. ಆದ್ದರಿಂದ:

1. ಎರಡಕ್ಕೂ ಎರಡು ಮೂರು ದಿನ ಮೊದಲು ಹೊಟ್ಟೆ ತುಂಬ ಊಟ ಕೊಟ್ಟಿರಿ. ಅದೇ ದಿನ ಉಣ್ಣಿಸಿ ಬಿಡಬೇಡಿ. ಮೈಯಿಂದ ಇಲಿಯ ವಾಸನೆ ಬರಬಾರದು.
2. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿರಲಿ. ದೊಡ್ಡದು ಸಣ್ಣದನ್ನು ನುಂಗಬಲ್ಲುದು.
3. ಹೆಣ್ಣನ್ನು ಗಂಡಿನ ಪೆಟ್ಟಿಗೆಗೆ ಸಂಜೆ ಹೊತ್ತು ಬಿಡಿ. ಪಕ್ಕದಲ್ಲೇ ಕುಳಿತಿರಿ. ಕೈಯಲ್ಲಿ ಹಾವಿನ ಕೊಕ್ಕೆ ಇರಲಿ.

ಗಂಡು ಹೆಣ್ಣಿನ ಬೆನ್ನ ಮೇಲೆ ಗದ್ದ ಉಜ್ಜುತ್ತಾ ಝುಮ್ಮನೆ ನಡುಗುತ್ತಾ ಹಿಂಬಾಲಿಸಿದರೆ ಒಳ್ಳೆಯ ಲಕ್ಷಣ. ಅವಳ ಕುತ್ತಿಗೆಯನ್ನು ಬಾಯಲ್ಲಿ ಕಚ್ಚಿ ಹಿಡಿಯುವುದೂ ಈ ಜಾತಿಯಲ್ಲಿ ಸಹಜ. ಹೊಸಬರು ಇದನ್ನು ಕಂಡು ಹೆದರಿ ಬಿಡಿಸಲು ಹೋಗುತ್ತಾರೆ, ಅದರ ಅಗತ್ಯವಿಲ್ಲ. ಬಿಡಿಸಬೇಕಾದದ್ದು ಯಾವಾಗ? ಕಚ್ಚಿದ ಮೇಲೆ ಮೈ ಸುತ್ತಿ ಬಿಗಿಯತೊಡಗಿದಾಗ, ಅಥವಾ ತಲೆಯನ್ನೇ ಕಚ್ಚಿ ಹಿಡಿದಾಗ. ಬಾಲಗಳು ಹೆಣೆದುಕೊಂಡು ಶಾಂತವಾಗಿದ್ದರೆ ಮಿಲನ ನಡೆದಿದೆ. ಆಗ ಎಳೆದು ಬಿಡಿಸಿದರೆ ಎರಡಕ್ಕೂ ಗಾಯ. ಕೆಲವು ನಿಮಿಷದಿಂದ ಕೆಲವು ಗಂಟೆಯವರೆಗೆ ಹಿಡಿಯಬಹುದು, ಕಾಯಿರಿ.

ಮುಗಿದ ಕೂಡಲೇ ಬೇರೆ ಮಾಡಿ. ರಾತ್ರಿಯಿಡೀ ಒಟ್ಟಿಗೆ ಬಿಡುವ ಅಭ್ಯಾಸ ಕಾರ್ನ್ ಸ್ನೇಕ್ ಸಾಕುವವರಿಂದ ಬಂದದ್ದು, ಕಿಂಗ್‌ಸ್ನೇಕ್‌ಗೆ ಅದು ಹೊಂದದು. ಮೂರು ನಾಲ್ಕು ದಿನಕ್ಕೊಮ್ಮೆ ಮತ್ತೆ ಬಿಡಿ, ಹೆಣ್ಣು ಗಂಡನ್ನು ನಿರಾಕರಿಸಿ ಓಡತೊಡಗುವವರೆಗೆ. ನೋಡಿದ ಪ್ರತಿ ಮಿಲನದ ದಿನವನ್ನೂ ಬರೆದಿಡಿ.

## ಹಂತ 5: ಮೊಟ್ಟೆಗೆ ಮೊದಲೇ ಮನೆ ಸಿದ್ಧಮಾಡುವುದು (ಮೇ)

ಮಿಲನದಿಂದ ಮೊಟ್ಟೆ ಇಡುವವರೆಗೆ ಸುಮಾರು 40ರಿಂದ 65 ದಿನ. ಹೆಣ್ಣಿನ ಮೈಯ ಹಿಂದಿನ ಅರ್ಧ ಉಬ್ಬುತ್ತದೆ, ಅವಳು ಬೆಚ್ಚಗಿನ ಬದಿಯಲ್ಲೇ ಹೆಚ್ಚು ಹೊತ್ತು ಇರುತ್ತಾಳೆ. ಸಣ್ಣ ಸಣ್ಣ ಊಟ ಕೊಡಿ. ಕೊನೆಯ ವಾರಗಳಲ್ಲಿ ಊಟ ಬಿಟ್ಟರೆ ಒತ್ತಾಯ ಬೇಡ. ಮೊಟ್ಟೆಗೆ ಮೊದಲು ಮತ್ತೊಮ್ಮೆ ಪೊರೆ ಬಿಡುತ್ತಾಳೆ. ಆ ದಿನದಿಂದ ಸಾಮಾನ್ಯವಾಗಿ ಒಂದರಿಂದ ಎರಡು ವಾರದೊಳಗೆ ಮೊಟ್ಟೆ.

ಮೊಟ್ಟೆ ಇಡುವ ಡಬ್ಬಿ. ಅವಳು ಪೂರ್ತಿ ಸುರುಳಿ ಸುತ್ತಿಕೊಳ್ಳುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಬದಿಯಲ್ಲೋ ಮುಚ್ಚಳದಲ್ಲೋ ಅವಳು ನುಸುಳುವಷ್ಟು ಕಿಂಡಿ, ಒಳಗೆ ಹಿಂಡಿ ತೆಗೆದ ತೇವದ ಪಾಚಿ. ಪೊರೆಗೆ ಮೊದಲು ಕಣ್ಣು ಮಂಜಾದಾಗಲೇ ಒಳಗಿಡಿ. ನೀರಿನ ದೊಡ್ಡ ಬಟ್ಟಲನ್ನು ತೆಗೆದು ಸಣ್ಣದಿಡಿ. ತೇವದ ಜಾಗ ಸಿಗದಿದ್ದರೆ ಹೆಣ್ಣು ನೀರಿನ ಬಟ್ಟಲಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆಗಳು ಮುಳುಗಿ ಸಾಯುತ್ತವೆ.

ಕಾವುಪೆಟ್ಟಿಗೆ. ಮೊಟ್ಟೆ ಬರುವುದಕ್ಕೆ ಕನಿಷ್ಠ ಒಂದು ವಾರ ಮೊದಲೇ ಇದು ಓಡುತ್ತಿರಬೇಕು. ಮೊಟ್ಟೆ ಕಂಡ ಮೇಲೆ ಪೆಟ್ಟಿಗೆ ಜೋಡಿಸಲು ಕುಳಿತವರು ಮೊದಲ ಎರಡು ದಿನ ಮೊಟ್ಟೆಯನ್ನು ಒಮ್ಮೆ 24, ಒಮ್ಮೆ 34 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಗುರಿ 28 ಡಿಗ್ರಿ ಸೆಲ್ಸಿಯಸ್, ಅಂದರೆ 82 ಫ್ಯಾರನ್‌ಹೀಟ್. 26ರಿಂದ 29ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. 32 ಮುಟ್ಟಿದರೆ ಬೆನ್ನುಮೂಳೆ ಡೊಂಕಾದ ಮರಿಗಳು, ಇಲ್ಲವೇ ಸತ್ತ ಮೊಟ್ಟೆಗಳು.

ಥರ್ಮೋಕೋಲ್ ಪೆಟ್ಟಿಗೆಯ ತಳದಲ್ಲಿ ಹೀಟ್ ಟೇಪ್, ಅದರ ಮೇಲೆ ಸ್ವಲ್ಪ ಎತ್ತರಕ್ಕೆ ಜಾಲರಿ, ಜಾಲರಿಯ ಮೇಲೆ ಮೊಟ್ಟೆಡಬ್ಬಿ, ಸುತ್ತ ನೀರು ತುಂಬಿದ ಬಾಟಲಿಗಳು. ನೀರು ಬಿಸಿಯನ್ನು ಹಿಡಿದಿಟ್ಟುಕೊಂಡು ಏರಿಳಿತವನ್ನು ತಗ್ಗಿಸುತ್ತದೆ. ಥರ್ಮೋಸ್ಟಾಟ್ ಪ್ರೋಬ್ ಮೊಟ್ಟೆಡಬ್ಬಿಯ ಮಟ್ಟದಲ್ಲಿರಲಿ, ಜಾರದಂತೆ ಅಂಟಿಸಿ. ಪ್ರೋಬ್ ಜಾರಿ ಪೆಟ್ಟಿಗೆಯ ಹೊರಗೆ ಬಿದ್ದರೆ ಥರ್ಮೋಸ್ಟಾಟ್ ಕೋಣೆಯ ತಂಪನ್ನು ಅಳೆಯುತ್ತಾ ಬಿಸಿ ಏರಿಸುತ್ತಲೇ ಹೋಗುತ್ತದೆ. ಎರಡನೆಯ ಥರ್ಮಾಮೀಟರನ್ನು ಮೊಟ್ಟೆಡಬ್ಬಿಯ ಒಳಗೇ ಇಟ್ಟು ಕನಿಷ್ಠ, ಗರಿಷ್ಠ ಎರಡನ್ನೂ ದಿನವೂ ಓದಿ.

ಕೋಳಿಮೊಟ್ಟೆಯ ಇನ್ಕ್ಯುಬೇಟರ್ ಕೊಳ್ಳುವುದಾದರೆ ಜೋಪಾನ. ಅಗ್ಗದ ಹಲವು ಮಾದರಿಗಳು 37.5 ಡಿಗ್ರಿಗೇ ನಿಗದಿಯಾಗಿರುತ್ತವೆ, 28ಕ್ಕೆ ಇಳಿಯುವುದೇ ಇಲ್ಲ. ಮೊಟ್ಟೆ ತಿರುಗಿಸುವ ಯಂತ್ರವಿದ್ದರೆ ಅದನ್ನು ಕಿತ್ತಿಡಿ.

ಪೆಟ್ಟಿಗೆ ಇಡುವ ಜಾಗವೂ ಮುಖ್ಯ. ಥರ್ಮೋಸ್ಟಾಟ್ ಬಿಸಿ ನಿಲ್ಲಿಸಬಲ್ಲದು, ತಂಪು ಮಾಡಲಾರದು. ಟೆಕ್ಸಸ್, ಅರಿಜೋನಾದ ಗ್ಯಾರೇಜು ಆಗಸ್ಟ್‌ನಲ್ಲಿ 40 ಡಿಗ್ರಿ ದಾಟಿದರೆ ಒಳಗಿನ ಮೊಟ್ಟೆಯೂ ಅಷ್ಟಕ್ಕೇ ಏರುತ್ತದೆ. ಮನೆಯ ಒಳಗಿನ, ಕಿಟಕಿಯ ಬಿಸಿಲು ಬೀಳದ, ಏಸಿ ಓಡುವ ಕೋಣೆಯೇ ಸರಿ.

ವರ್ಮಿಕ್ಯುಲೈಟ್ ಹದ. ಬೂಷ್ಟಿನ ದೂರುಗಳಲ್ಲಿ ಬಹುಪಾಲು ಇಲ್ಲಿಂದ ಹುಟ್ಟುತ್ತವೆ. ಅಳತೆ ತೂಕದಲ್ಲಿ: 100 ಗ್ರಾಂ ಒಣ ವರ್ಮಿಕ್ಯುಲೈಟ್‌ಗೆ 80ರಿಂದ 100 ಗ್ರಾಂ ನೀರು. ಲೋಟದಲ್ಲಿ ಅಳೆಯಬೇಡಿ. ಒಂದು ಲೋಟ ವರ್ಮಿಕ್ಯುಲೈಟ್ ಒಂದು ಲೋಟ ನೀರಿಗಿಂತ ಎಷ್ಟೋ ಪಟ್ಟು ಹಗುರ, ಸಮಸಮ ಲೋಟ ಹಾಕಿದರೆ ಕೆಸರಾಗುತ್ತದೆ. ಕಲಸಿದ ಮೇಲೆ ಮುಷ್ಟಿಯಲ್ಲಿ ಹಿಂಡಿ ನೋಡಿ: ಮುದ್ದೆ ಕಟ್ಟಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಬೀಳಬಾರದು. ಡಬ್ಬಿಯಲ್ಲಿ ಎರಡು ಇಂಚು ಹರಡಿ, ಬದಿಗಳಲ್ಲಿ ಸೂಜಿಯಷ್ಟು ಸಣ್ಣ ಎರಡು ಮೂರು ತೂತು ಮಾಡಿ, ಕಾವುಪೆಟ್ಟಿಗೆಯಲ್ಲಿಟ್ಟು ಬೆಚ್ಚಗಾಗಲು ಬಿಡಿ.

## ಹಂತ 6: ಮೊಟ್ಟೆ ತೆಗೆಯುವುದು

ಹೆಣ್ಣು ಡಬ್ಬಿಯೊಳಗೆ ಹೋಗಿ ಹೊರಬರದಿದ್ದರೆ ಇಣುಕಬೇಡಿ. ಎಲ್ಲ ಮೊಟ್ಟೆ ಇಡಲು ಹಲವು ಗಂಟೆ ಹಿಡಿಯುತ್ತದೆ. ಮಧ್ಯೆ ಕಾಟ ಕೊಟ್ಟರೆ ಅರ್ಧಕ್ಕೇ ನಿಲ್ಲಿಸಿಬಿಡಬಹುದು.

ಮುಗಿದ ಮೇಲೆ ತಡಮಾಡದೆ ಈ ಕ್ರಮದಲ್ಲಿ ಮಾಡಿ. ಹೆಣ್ಣನ್ನು ಮೆಲ್ಲಗೆ ಬಿಡಿಸಿ ಬೇರೆ ಡಬ್ಬಿಗೆ ಬಿಡಿ. ಮೊಟ್ಟೆಗಳನ್ನು ಎತ್ತುವ ಮೊದಲೇ ಪ್ರತಿಯೊಂದರ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ. ನಂತರ ಆ ಗುರುತು ಮೇಲೆಯೇ ಇರುವಂತೆ ಎತ್ತಿ, ವರ್ಮಿಕ್ಯುಲೈಟ್‌ನಲ್ಲಿ ಅರ್ಧ ಹೂತುಹೋಗುವಂತೆ ಕೂರಿಸಿ.

ಕೋಳಿಮೊಟ್ಟೆ ಕಾವಿಗಿಟ್ಟು ಅಭ್ಯಾಸವಿರುವವರ ಕೈ ಇಲ್ಲೇ ತಪ್ಪುವುದು. ಕೋಳಿಮೊಟ್ಟೆಯನ್ನು ತಿರುಗಿಸಲೇಬೇಕು, ಹಾವಿನ ಮೊಟ್ಟೆಯನ್ನು ತಿರುಗಿಸಲೇಬಾರದು. ಇಟ್ಟ ಸ್ವಲ್ಪ ಹೊತ್ತಿನಲ್ಲೇ ಒಳಗಿನ ಭ್ರೂಣ ಒಂದು ಕಡೆ ನೆಲೆ ಹಿಡಿಯುತ್ತದೆ. ಆಮೇಲೆ ಮಗುಚಿದರೆ ಅದು ಉಸಿರುಕಟ್ಟಿ ಸಾಯಬಹುದು.

ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಕಿತ್ತು ಬಿಡಿಸಬೇಡಿ, ಗೊಂಚಲಾಗಿಯೇ ಇಡಿ. ಚಿಪ್ಪು ತೊಗಲಿನಂತೆ ಮೆತ್ತಗಿರುವುದರಿಂದ ಸುಲಭವಾಗಿ ಹರಿಯುತ್ತದೆ. ಒಳ್ಳೆಯ ಮೊಟ್ಟೆ ಬೆಳ್ಳಗೆ, ತುಂಬಿಕೊಂಡು, ಒಣಗಿದಂತೆ ಇರುತ್ತದೆ. ಸಣ್ಣದಾಗಿ ಹಳದಿಯಾಗಿ ಮೇಣದಂತೆ ಗಟ್ಟಿಯಾಗಿರುವುದು ಬರಡು. ಅನುಮಾನವಿದ್ದರೆ ಒಂದು ವಾರ ಬಿಟ್ಟು ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿ, ಮೊಟ್ಟೆ ಎತ್ತದೆ. ಕೆಂಪು ನರಗಳ ಜಾಲ ಕಂಡರೆ ಜೀವವಿದೆ. ಅನುಮಾನದ ಮೊಟ್ಟೆಯನ್ನು ಎಸೆಯಬೇಡಿ. ಕೊಳೆತರೆ ಅದೇ ತಿಳಿಸುತ್ತದೆ.

ತಾಯಿಯ ಕಡೆ ಗಮನ. ಕೆಲವು ಮೊಟ್ಟೆ ಇಟ್ಟು ನಿಲ್ಲಿಸಿ, ಹೊಟ್ಟೆಯಲ್ಲಿ ಗಂಟು ಕಾಣುತ್ತಾ ಒಂದೆರಡು ದಿನ ಕಳೆದರೆ ಮೊಟ್ಟೆ ಸಿಕ್ಕಿಕೊಂಡಿದೆ ಎಂದರ್ಥ. ಕೈಯಿಂದ ಒತ್ತಿ ಹೊರಗೆ ತಳ್ಳಲು ಹೋಗಬೇಡಿ, ಒಳಗೆ ಹರಿದರೆ ಹಾವು ಉಳಿಯುವುದಿಲ್ಲ. ಅಂದೇ ವೈದ್ಯರ ಬಳಿಗೆ ಹೋಗಬೇಕು. ಎಲ್ಲ ಸರಿಯಿದ್ದರೆ ಅವಳ ಪೆಟ್ಟಿಗೆಯನ್ನು ಮೊಟ್ಟೆಯ ವಾಸನೆ ಉಳಿಯದಂತೆ ತೊಳೆದು, ಎರಡು ಮೂರು ದಿನದ ಮೇಲೆ ಸಣ್ಣ ಊಟದಿಂದ ಶುರುಮಾಡಿ. ಅದೇ ವರ್ಷ ಎರಡನೇ ಸಲ ಮೊಟ್ಟೆ ಇಡಿಸುವ ಆಸೆ ಬೇಡ. ಇಳಿದ ತೂಕ ಮರಳಲು ಅವಳಿಗೆ ತಿಂಗಳುಗಳೇ ಬೇಕು.

## ಹಂತ 7: ಕಾವಿನ ದಿನಗಳು (ಜೂನ್‌ನಿಂದ ಆಗಸ್ಟ್)

28 ಡಿಗ್ರಿಯಲ್ಲಿ ಸುಮಾರು 55ರಿಂದ 70 ದಿನ. ಬಿಸಿ ಹೆಚ್ಚಿಸಿದರೆ ಬೇಗ ಒಡೆಯುತ್ತವೆ ಎಂದು ಏರಿಸಬೇಡಿ. ಬೇಗ ಬಂದ ಮರಿ ಸಣ್ಣದು, ಬಲಹೀನ. ಹಾವಿನ ಮರಿಯ ಲಿಂಗ ಆಮೆ, ಮೊಸಳೆಗಳಂತೆ ಕಾವಿನ ಬಿಸಿಯಿಂದ ತೀರ್ಮಾನವಾಗುವುದಿಲ್ಲ; ಆದ್ದರಿಂದ ಹೆಣ್ಣು ಬೇಕು ಗಂಡು ಬೇಕು ಎಂದು ಥರ್ಮೋಸ್ಟಾಟ್ ತಿರುಗಿಸುವುದರಲ್ಲಿ ಅರ್ಥವಿಲ್ಲ.

ನಿಮ್ಮ ಕೆಲಸ ಇಷ್ಟೇ: ದಿನಕ್ಕೊಮ್ಮೆ ಥರ್ಮಾಮೀಟರ್ ಓದುವುದು, ವಾರಕ್ಕೊಮ್ಮೆ ಮೊಟ್ಟೆಡಬ್ಬಿಯ ಮುಚ್ಚಳವನ್ನು ಅರ್ಧ ನಿಮಿಷ ತೆರೆದು ಗಾಳಿ ಬದಲಿಸುವುದು. ನೀರು ಕಡಿಮೆಯಾಗಿದೆಯೋ ಎಂದು ತಿಳಿಯಲು ಕಣ್ಣಂದಾಜು ನಂಬಬೇಡಿ. ಮೊಟ್ಟೆ ಕೂರಿಸಿದ ದಿನವೇ ಇಡೀ ಡಬ್ಬಿಯನ್ನು ತೂಗಿ ಮುಚ್ಚಳದ ಮೇಲೆ ಬರೆದಿಡಿ. ಮೊಟ್ಟೆಗಳು ವರ್ಮಿಕ್ಯುಲೈಟ್‌ನ ನೀರನ್ನು ಹೀರಿದರೂ ಅದು ಡಬ್ಬಿಯೊಳಗೇ ಉಳಿಯುತ್ತದೆ, ಆದ್ದರಿಂದ ಒಟ್ಟು ತೂಕ ಇಳಿದರೆ ನೀರು ಆವಿಯಾಗಿ ಹೋಗಿದೆ ಎಂದರ್ಥ. ಇಳಿದಷ್ಟೇ ಗ್ರಾಂ ಉಗುರುಬೆಚ್ಚಗಿನ ನೀರನ್ನು ಡಬ್ಬಿಯ ಅಂಚಿನಲ್ಲಿ ಹಾಕಿ. ಮೊಟ್ಟೆಯ ಮೇಲೆ ಹನಿಯೂ ಬೀಳಬಾರದು.

ಕಾಣುವ ಲಕ್ಷಣಗಳನ್ನು ಹೀಗೆ ಓದಿ:

ಮೊದಲ ವಾರಗಳಲ್ಲೇ ಗುಳಿ. ತೇವ ಸಾಲದು. ಅಂಚಿಗೆ ನೀರು ಹಾಕಿ, ತೇವದ ಪಾಚಿಯನ್ನು ಮೊಟ್ಟೆಯ ಮೇಲೆ ಸಡಿಲವಾಗಿ ಹೊದಿಸಿ. ಕೆಲವು ದಿನದಲ್ಲಿ ಉಬ್ಬಿಕೊಳ್ಳುತ್ತದೆ.

ಕೊನೆಯ ಒಂದೆರಡು ವಾರದಲ್ಲಿ ಗುಳಿ. ಸಹಜ. ಮರಿ ಒಡೆಯಲು ತಯಾರಾಗುತ್ತಿದೆ. ಇದನ್ನು ಒಣಗಿದೆ ಎಂದು ತಿಳಿದು ನೀರು ಸುರಿಯುವುದು ಎಲ್ಲಕ್ಕಿಂತ ದುಃಖದ ತಪ್ಪು: ಪೂರ್ತಿ ಬೆಳೆದ ಮರಿ ಹೊರಬರುವ ಹೊತ್ತಿನಲ್ಲಿ ಸಾಯುತ್ತದೆ. ದಿನಾಂಕ ಬರೆದಿಟ್ಟವರಿಗೆ ಈ ಗೊಂದಲ ಬರುವುದಿಲ್ಲ.

ಬೂಷ್ಟು. ಜೀವವಿರುವ ಮೊಟ್ಟೆ ಸಾಮಾನ್ಯವಾಗಿ ಬೂಷ್ಟನ್ನು ತಡೆದುಕೊಳ್ಳುತ್ತದೆ. ಒಂದು ಮೊಟ್ಟೆ ಪೂರ್ತಿ ಬೂಷ್ಟು ಹಿಡಿದು, ಕುಸಿದು, ನಾರುತ್ತಿದ್ದರೆ ಅದು ಸತ್ತಿದೆ. ಬಿಡಿಯಾಗಿದ್ದರೆ ತೆಗೆಯಿರಿ. ಗೊಂಚಲಿನಲ್ಲಿದ್ದರೆ ಬಿಟ್ಟುಬಿಡಿ, ಕೀಳುವಾಗ ಪಕ್ಕದ್ದು ಹರಿಯುವ ಅಪಾಯವೇ ದೊಡ್ಡದು. ಸಣ್ಣ ಚುಕ್ಕೆ ಬೂಷ್ಟನ್ನು ಒಣ ಹತ್ತಿಕಡ್ಡಿಯಿಂದ ಒರೆಸಿ.

ಮುಚ್ಚಳದಿಂದ ಹನಿ ಉದುರುವುದು. ತೇವ ಹೆಚ್ಚಾಗಿದೆ, ಇಲ್ಲವೇ ಕೋಣೆ ಬಹಳ ತಂಪಾಗಿದೆ. ಮುಚ್ಚಳ ಒರೆಸಿ, ಡಬ್ಬಿಯನ್ನು ಸ್ವಲ್ಪ ಓರೆಯಾಗಿಟ್ಟು ಹನಿ ಬದಿಗೆ ಇಳಿಯುವಂತೆ ಮಾಡಿ.

ಬಿರುಗಾಳಿಗೆ ಕರೆಂಟು ಹೋದರೆ ಮುಚ್ಚಳ ತೆಗೆಯದೆ ಪೆಟ್ಟಿಗೆಗೆ ಕಂಬಳಿ ಹೊದಿಸಿ. ಕೆಲವು ಗಂಟೆ 22, 23 ಡಿಗ್ರಿಗೆ ಇಳಿದರೆ ಮೊಟ್ಟೆ ತಡೆದುಕೊಳ್ಳುತ್ತದೆ. ತಂಪಿಗಿಂತ ಬಿಸಿಗೇ ಹೆಚ್ಚು ಹೆದರಬೇಕು.

## ಹಂತ 8: ಮರಿ ಹೊರಬರುವುದು

ಮೂತಿಯ ತುದಿಯ ಸಣ್ಣ ಹಲ್ಲಿನಿಂದ ಮರಿ ಚಿಪ್ಪನ್ನು ಸೀಳುತ್ತದೆ. ಮೂಗು ಹೊರಹಾಕಿ ಒಂದೆರಡು ದಿನ ಹಾಗೆಯೇ ಕೂರುವುದುಂಟು. ಒಳಗೆ ಉಳಿದ ಭಂಡಾರವನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ. ಈ ಹೊತ್ತಿನಲ್ಲಿ ಎಳೆದು ತೆಗೆದರೆ ಹೊಕ್ಕುಳು ಹರಿದು ರಕ್ತ ಹೋಗಿ ಸಾಯುತ್ತದೆ. ಮುಟ್ಟಬೇಡಿ, ಟಾರ್ಚ್ ಬಿಡಬೇಡಿ. ಹೆದರಿದ ಮರಿ ಮತ್ತೆ ಒಳಗೆ ಸರಿಯುತ್ತದೆ.

ಎಲ್ಲ ಮೊಟ್ಟೆ ಒಡೆದು ಎರಡು ದಿನವಾದರೂ ತುಂಬಿಕೊಂಡಿರುವ ಒಂದು ಮೊಟ್ಟೆ ಹಾಗೆಯೇ ಉಳಿದರೆ ಮಾತ್ರ, ಸಣ್ಣ ಕತ್ತರಿಯಿಂದ ಮೇಲ್ಭಾಗದಲ್ಲಿ ಅರ್ಧ ಇಂಚಿಗಿಂತ ಚಿಕ್ಕ ಸೀಳು ಮಾಡಿ, ನರಗಳಿಗೆ ತಾಗದಂತೆ. ಸೀಳು ಮಾಡಿ ಬಿಟ್ಟುಬಿಡಿ, ಮರಿಯನ್ನು ಹೊರಗೆ ತೆಗೆಯುವುದು ನಿಮ್ಮ ಕೆಲಸವಲ್ಲ.

ಹೊರಬಂದ ಮರಿಯನ್ನು ಅಂದೇ ಅದರದೇ ಡಬ್ಬಿಗೆ ಹಾಕಿ. ಅಣ್ಣ ತಮ್ಮ ಎಂಬ ನಂಟು ಕಿಂಗ್‌ಸ್ನೇಕ್‌ಗೆ ಇಲ್ಲ. ಒಂದೇ ಡಬ್ಬಿಯಲ್ಲಿ ಬಿಟ್ಟರೆ ಒಂದು ಇನ್ನೊಂದನ್ನು ನುಂಗುತ್ತದೆ. ಅಪಾಯ ಎರಡನೆಯ ಸಲ ಎದುರಾಗುವುದು ಇಲ್ಲಿ. ಡಬ್ಬಿಯ ಗಾಳಿತೂತುಗಳು ಪೆನ್ಸಿಲಿಗಿಂತ ಸಣ್ಣವಿರಲಿ. ಮುಚ್ಚಳ ಬಿಗಿಯಾಗಿ ಕೂಡುತ್ತದೆಯೇ ಎಂದು ಖಾಲಿ ಇರುವಾಗಲೇ ನೋಡಿಕೊಂಡಿರಿ.

## ಹಂತ 9: ಮೊದಲ ಪೊರೆ, ಮೊದಲ ಊಟ

ತಳಕ್ಕೆ ಪೇಪರ್ ಟವಲ್, ಸಣ್ಣ ನೀರಿನ ಬಟ್ಟಲು, ಅಡಗಲು ಒಂದು ಮರೆ, ಸ್ವಲ್ಪ ತೇವದ ಪಾಚಿ. ಇಷ್ಟು ಸಾಕು. ಒಂದರಿಂದ ಎರಡು ವಾರದಲ್ಲಿ ಮೊದಲ ಪೊರೆ ಬಿಡುತ್ತವೆ. ಅದಕ್ಕೆ ಮೊದಲು ಊಟ ಕೊಡಬೇಡಿ. ಹೊಟ್ಟೆಯಲ್ಲಿ ಭಂಡಾರ ಇನ್ನೂ ಇದೆ.

ಪೊರೆಯ ನಂತರ ಆಗಷ್ಟೇ ಹುಟ್ಟಿದ ಗಾತ್ರದ, ಹೆಪ್ಪುಗಟ್ಟಿಸಿದ ಇಲಿಮರಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಒರೆಸಿ, ಸಂಜೆ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಮೈಕ್ರೋವೇವ್ ಬಳಸಬೇಡಿ. ತಿನ್ನದಿದ್ದರೆ ಐದು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ. ಕಾಡಿನಲ್ಲಿ ಈ ಮರಿಗಳು ಹಲ್ಲಿಗಳನ್ನೂ ತಿಂದು ಬೆಳೆಯುವುದರಿಂದ ಇಲಿಯ ವಾಸನೆಗೆ ಒಲಿಯದ ಒಂದೆರಡು ಇದ್ದೇ ಇರುತ್ತವೆ. ಇಲಿಮರಿಯನ್ನು ಸೋಪಿಲ್ಲದೆ ತೊಳೆದು, ಸಾಕಿದ ಹಲ್ಲಿಯ ಪೊರೆಯನ್ನು ಉಜ್ಜಿ ಕೊಟ್ಟರೆ ಅನೇಕ ಮರಿಗಳು ಬಾಯಿ ಹಾಕುತ್ತವೆ. ಮರಿಯನ್ನು ಇಲಿಯೊಂದಿಗೆ ಬಹಳ ಸಣ್ಣ ಡಬ್ಬಿಯಲ್ಲಿ, ಕತ್ತಲೆಯಲ್ಲಿ ಬಿಡುವುದೂ ಫಲ ಕೊಡುತ್ತದೆ. ಬಾಯಿಗೆ ತುರುಕುವುದು ವೈದ್ಯರ ಸಲಹೆಯ ಮೇಲೆ, ಕೊನೆಯ ಉಪಾಯವಾಗಿ ಮಾತ್ರ.

ಪ್ರತಿ ಸಲ ಮುಟ್ಟಿದ ಮೇಲೆ ಕೈಗೆ ಸೋಪು ಹಾಕಿ ತೊಳೆಯಿರಿ. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಡಬ್ಬಿಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಇಲಿಗಳನ್ನು ಮನೆಯವರ ಊಟದ ಫ್ರೀಜರಿನಲ್ಲಿ ಇಡಬೇಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದ ಅಪ್ಪ ಅಮ್ಮ ಮನೆಯಲ್ಲಿದ್ದರೆ ಈ ಕೆಲಸಕ್ಕೆ ಬೇರೆ ಕೋಣೆಯೇ ಬೇಕು.

ಸತತವಾಗಿ ನಾಲ್ಕೈದು ಊಟ ತಾನಾಗಿ ತಿಂದು, ವಾಂತಿ ಮಾಡದೆ, ಎರಡನೆಯ ಪೊರೆ ಬಿಟ್ಟ ಮರಿಯನ್ನು ಮಾತ್ರ ಬೇರೆಯವರಿಗೆ ಕೊಡಿ. ಜೊತೆಗೆ ಒಂದು ಚೀಟಿ ಕೊಡಿ: ಹುಟ್ಟಿದ ದಿನ, ತಂದೆ ತಾಯಿಯ ವಿವರ, ತಿಂದ ಊಟಗಳ ದಿನಾಂಕ, ಪೊರೆ ಬಿಟ್ಟ ದಿನಾಂಕ, ಹಲ್ಲಿಯ ವಾಸನೆ ಬೇಕಾಗಿತ್ತೇ ಇಲ್ಲವೇ. ದೂರದವರಿಗೆ ಕಳಿಸುವುದಾದರೆ ಅಮೆರಿಕದ ಅಂಚೆ ಇಲಾಖೆ ಹಾವುಗಳನ್ನು ಒಯ್ಯುವುದಿಲ್ಲ. ಜೀವಂತ ಸರೀಸೃಪ ಸಾಗಿಸಲು ಅನುಮತಿಯಿರುವ ಖಾಸಗಿ ಸಾಗಣೆಯನ್ನೇ ಹಿಡಿಯಬೇಕು. ತಲುಪುವ ರಾಜ್ಯದಲ್ಲಿ ಆ ಹಾವು ಸಾಕಲು ಅನುಮತಿ ಇದೆಯೇ ಎಂದು ಕಳಿಸುವವರೇ ಮೊದಲು ನೋಡಿಕೊಳ್ಳಬೇಕು.